ಮೊದಲ ವರ್ಷದವರಿಗೆ ವಿದ್ಯಾರ್ಥಿ ಮಾರ್ಗದರ್ಶಿಗಳ ನೇಮಕ: ಯಾರನ್ನು ಆರಿಸಬೇಕು, ಹೇಗೆ?

ಪ್ರಶ್ನೆ: ವಿದ್ಯಾರ್ಥಿ ಕ್ಷೇಮ ಸಮಿತಿಯ ಸಂಚಾಲಕಿ

ಎಲ್ಲರಿಗೂ ನಮಸ್ಕಾರ. ಮುಂದಿನ ಶೈಕ್ಷಣಿಕ ವರ್ಷದಿಂದ ನಮ್ಮ ಕಾಲೇಜಿನಲ್ಲಿ ಎರಡನೇ ಮತ್ತು ಮೂರನೇ ವರ್ಷದ ಕೆಲವು ವಿದ್ಯಾರ್ಥಿಗಳನ್ನು ಮೊದಲ ವರ್ಷದವರಿಗೆ ಮಾರ್ಗದರ್ಶಿಗಳನ್ನಾಗಿ ನೇಮಿಸಬೇಕೆಂದು ತೀರ್ಮಾನವಾಗಿದೆ. ಅರ್ಜಿ ಕರೆಯುವುದರಿಂದ ಹಿಡಿದು ಆಯ್ಕೆ, ತರಬೇತಿ, ಮೇಲ್ವಿಚಾರಣೆಯವರೆಗಿನ ಹೊಣೆಯನ್ನು ನನಗೆ ವಹಿಸಿದ್ದಾರೆ. ಪ್ರತಿ ವರ್ಷವೂ ಮೊದಲ ಸೆಮಿಸ್ಟರ್ ಮುಗಿಯುವ ಮುನ್ನವೇ ಕೆಲವರು ತರಗತಿಗೆ ಬರುವುದನ್ನು ನಿಲ್ಲಿಸಿಬಿಡುತ್ತಾರೆ. ಅವರಿಗೆ ಏನು ತೊಂದರೆಯಿತ್ತೆಂಬುದು ನಮ್ಮ ಕಿವಿಗೆ ಬೀಳುವ ಹೊತ್ತಿಗೆ ಪರೀಕ್ಷೆಯ ಅರ್ಜಿ ತುಂಬುವ ಗಡುವೂ ದಾಟಿರುತ್ತದೆ. ಅಧ್ಯಾಪಕರ ಮುಂದೆ ಹೇಳಿಕೊಳ್ಳಲು ಹಿಂಜರಿಯುವ ಮಕ್ಕಳು ತಮಗಿಂತ ಒಂದೆರಡು ವರ್ಷ ಹಿರಿಯರಾದವರ ಬಳಿಯಾದರೂ ಬಾಯಿ ಬಿಟ್ಟಾರು ಎಂಬ ನಿರೀಕ್ಷೆ ಈ ಯೋಜನೆಯ ಹಿಂದಿದೆ.

ಆದರೆ ಸಮಿತಿಯಲ್ಲಿ ಮೂರು ವಿಷಯಗಳು ಇನ್ನೂ ಬಗೆಹರಿದಿಲ್ಲ. ಅಂಕಗಳ ಆಧಾರದ ಮೇಲೆ ಪಟ್ಟಿ ತಯಾರಿಸಿ ಮೇಲಿನವರನ್ನು ತೆಗೆದುಕೊಂಡರೆ ಯಾರೂ ಆಕ್ಷೇಪಿಸಲಾರರು ಎಂಬುದು ಹಲವರ ಅಭಿಪ್ರಾಯ. ನನಗೆ ಇದು ಸರಿಯೆನಿಸುತ್ತಿಲ್ಲವಾದರೂ ಬದಲಿಗೆ ಯಾವ ಅಳತೆಗೋಲನ್ನು ಮುಂದಿಡಬೇಕೆಂದು ಹೊಳೆಯುತ್ತಿಲ್ಲ. ಎರಡನೆಯದು ಸಂಭಾವನೆ: ಇದನ್ನು ಸೇವೆಯೆಂದು ಪರಿಗಣಿಸಿ ಪ್ರಮಾಣಪತ್ರ ಕೊಟ್ಟರೆ ಸಾಕೇ, ಅಥವಾ ಗೌರವಧನ ಕೊಡಲೇಬೇಕೇ? ಮೂರನೆಯದು ನನ್ನನ್ನು ಹೆಚ್ಚು ಕಾಡುತ್ತಿದೆ. ಇಪ್ಪತ್ತು ವರ್ಷದ ವಿದ್ಯಾರ್ಥಿಯೊಬ್ಬನ ಮುಂದೆ ಹದಿನೆಂಟರ ಹುಡುಗಿಯೊಬ್ಬಳು ಮನೆಯ ಸಂಕಟವನ್ನೋ ತನ್ನ ಮನಸ್ಸಿನ ಸ್ಥಿತಿಯನ್ನೋ ತೋಡಿಕೊಂಡರೆ ಅವನು ಏನು ಮಾಡಬೇಕು, ಏನು ಮಾಡಬಾರದು? ಹಿರಿಯರಿಗೆ ಅಧಿಕಾರ ಕೊಟ್ಟಂತಾಗಿ ಅವರು ದರ್ಪ ತೋರಿಸಲು ಆರಂಭಿಸಿದರೆ ಗತಿಯೇನು? ಇಂತಹ ಯೋಜನೆಗಳನ್ನು ನಡೆಸಿದವರು, ಅದರಲ್ಲಿ ಕೆಲಸ ಮಾಡಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ಮೊದಲ ವರ್ಷದ ಕಾರ್ಯಕ್ರಮಗಳನ್ನು ನೋಡಿಕೊಳ್ಳುವ ಅಧ್ಯಾಪಕ

ಮೇಡಂ, ಅರ್ಹತೆ ಏನಿರಬೇಕೆಂದು ಕೇಳುವ ಮೊದಲು ಕೆಲಸ ಏನೆಂಬುದನ್ನು ಒಂದು ಪುಟದಲ್ಲಿ ಬರೆದಿಡಿ. ಇಂತಹ ನೇಮಕಗಳು ಹಳಿ ತಪ್ಪುವುದು ಬಹುಮಟ್ಟಿಗೆ ಈ ಹಂತದಲ್ಲಿಯೇ. "ಹೊಸಬರಿಗೆ ನೆರವಾಗುವುದು" ಎಂದಷ್ಟೇ ಪ್ರಕಟಣೆಯಲ್ಲಿದ್ದರೆ ವೇದಿಕೆ ಹತ್ತಲು ಇಷ್ಟಪಡುವವರು, ಪ್ರಮಾಣಪತ್ರ ಬೇಕಾದವರು, ನಿಜವಾಗಿ ಇನ್ನೊಬ್ಬರ ಮಾತಿಗೆ ಕಿವಿಗೊಡಬಲ್ಲವರು ಎಲ್ಲರೂ ಒಂದೇ ಸಾಲಿನಲ್ಲಿ ಬಂದು ನಿಲ್ಲುತ್ತಾರೆ, ಅವರನ್ನು ಬೇರ್ಪಡಿಸಲು ನಿಮ್ಮ ಬಳಿ ಅಂಕಪಟ್ಟಿಯ ಹೊರತು ಬೇರೇನೂ ಇರುವುದಿಲ್ಲ. ವಾರಕ್ಕೆ ಎಷ್ಟು ಗಂಟೆ, ಎಷ್ಟು ಮಂದಿ ಕಿರಿಯರು, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾರಿಗೆ ವರದಿ ಮಾಡಬೇಕು, ಯಾವ ಕೆಲಸ ಇವರದಲ್ಲ ಎಂಬುದು ಅದರಲ್ಲಿರಲಿ. ಕೊನೆಯದನ್ನು ಬರೆಯಲು ಹೆಚ್ಚು ಸಮಯ ಬೇಕಾಗುತ್ತದೆ, ಆದರೆ ನಿಮ್ಮ ಮೂರನೆಯ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ.

ಸಮಿತಿಯವರನ್ನು ಒಪ್ಪಿಸಲು ಹಿನ್ನೆಲೆಯೂ ನೆರವಾಗಬಹುದು. ಅಮೆರಿಕದ ದಕ್ಷಿಣ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ 1970ರ ವಿದ್ಯಾರ್ಥಿ ಪ್ರತಿಭಟನೆಗಳ ನಂತರ, ಹೊಸ ವಿದ್ಯಾರ್ಥಿಗಳಿಗೂ ಸಂಸ್ಥೆಗೂ ನಡುವೆ ನಂಟು ಬೆಳೆಸುವ ಉದ್ದೇಶದಿಂದ 1972ರಲ್ಲಿ 'ಯೂನಿವರ್ಸಿಟಿ 101' ಎಂಬ ಮೊದಲ ವರ್ಷದ ಕೋರ್ಸ್ ಆರಂಭವಾಯಿತು. ಅದರ ತರಗತಿಗಳಲ್ಲಿ ಅಧ್ಯಾಪಕರ ಜೊತೆಗೆ ಹಿರಿಯ ವಿದ್ಯಾರ್ಥಿಗಳನ್ನೂ ತೊಡಗಿಸುವ ಪದ್ಧತಿ 1993ರಲ್ಲಿ ಬಂದಿತು. ವಿದ್ಯಾರ್ಥಿಗಳು ಕಾಲೇಜು ಬಿಡುವುದೇಕೆಂದು 1975ರಲ್ಲಿ ವಿವೇಚಿಸಿದ ಅಮೆರಿಕದ ಶಿಕ್ಷಣ ಸಂಶೋಧಕ ವಿನ್ಸೆಂಟ್ ಟಿಂಟೊ ಅವರು, ಓದಿನ ಬದುಕಿನೊಂದಿಗೂ ಸುತ್ತಲಿನ ಜನರೊಂದಿಗೂ ಬೆಸುಗೆ ಮೂಡದಿರುವುದನ್ನು ಮುಖ್ಯ ಕಾರಣವಾಗಿ ಮುಂದಿಟ್ಟರು. ಪದವಿ ವಿದ್ಯಾರ್ಥಿಗಳ ಬೆಳವಣಿಗೆಯ ಮೇಲೆ ಅತ್ಯಂತ ಬಲವಾದ ಪ್ರಭಾವ ಅವರ ಸಹಪಾಠಿ ಬಳಗದ್ದೇ ಎಂಬ ತೀರ್ಮಾನಕ್ಕೆ ಅಲ್ಲಿನ ಇನ್ನೊಬ್ಬ ಶಿಕ್ಷಣ ಸಂಶೋಧಕ ಅಲೆಕ್ಸಾಂಡರ್ ಆಸ್ಟಿನ್ ಅವರು 1993ರಲ್ಲಿ ಬಂದರು. ಹಾಗಾಗಿ ಹಿರಿಯ ವಿದ್ಯಾರ್ಥಿಗಳ ಪ್ರಭಾವ ಹೊಸಬರ ಮೇಲೆ ಹೇಗೂ ಬೀಳುತ್ತದೆ. ಆ ಪ್ರಭಾವ ಯಾರದಾಗಿರಬೇಕು, ಅವರಿಗೆ ಎಂತಹ ತರಬೇತಿ ಇರಬೇಕು ಎಂಬುದನ್ನು ನಿರ್ಧರಿಸುವ ಅವಕಾಶವನ್ನು ಈ ನೇಮಕ ನಿಮಗೆ ಕೊಡುತ್ತದೆ.

ಇನ್ನು ಅಂಕಗಳ ವಿಷಯ. ಎಲ್ಲ ವಿಷಯಗಳಲ್ಲಿಯೂ ತೇರ್ಗಡೆಯಾಗಿರಬೇಕು ಎಂಬ ಕನಿಷ್ಠ ಮಿತಿ ಇರಲಿ, ಏಕೆಂದರೆ ಓದಿನಲ್ಲಿ ಹಿಂದೆ ಬಿದ್ದವರ ಮೇಲೆ ಈ ಹೊರೆ ಹೊರಿಸುವುದು ಅವರಿಗೇ ಅನ್ಯಾಯ. ಆ ಮಿತಿಯ ಮೇಲಿನವರನ್ನು ಅಂಕಗಳ ಕ್ರಮದಲ್ಲಿ ಜೋಡಿಸುವುದನ್ನು ಮಾತ್ರ ನಾನು ಬಲವಾಗಿ ವಿರೋಧಿಸುತ್ತೇನೆ. ಮೊದಲ ಸೆಮಿಸ್ಟರ್‌ನಲ್ಲಿ ಎಡವಿ, ಯಾರ ನೆರವನ್ನೋ ಕೇಳಿ ಪಡೆದು, ಮೂರನೇ ಸೆಮಿಸ್ಟರ್ ಹೊತ್ತಿಗೆ ಚೇತರಿಸಿಕೊಂಡ ವಿದ್ಯಾರ್ಥಿಗೆ ಯಾವ ಕಚೇರಿಯ ಬಾಗಿಲು ಯಾವಾಗ ತೆರೆಯುತ್ತದೆ, ಯಾವ ಅಧ್ಯಾಪಕರನ್ನು ಹೇಗೆ ಮಾತನಾಡಿಸಬೇಕು, ನೆರವು ಕೇಳುವಾಗ ಆಗುವ ಮುಜುಗರ ಎಂತಹದು ಎಂಬುದೆಲ್ಲ ಅನುಭವದಿಂದ ಗೊತ್ತಿರುತ್ತದೆ. ಎಂದೂ ಎಡವದವರಲ್ಲಿಯೂ ಒಳ್ಳೆಯ ಮಾರ್ಗದರ್ಶಿಗಳಿದ್ದಾರೆ, ಆದರೆ ಅವರು ಒಳ್ಳೆಯವರಾಗಲು ಅವರ ಅಂಕಗಳು ಕಾರಣವಲ್ಲ.

ಬದಲಿಗೆ ಯಾವ ಅಳತೆಗೋಲು ಎಂದು ಕೇಳಿದಿರಿ. ಸಂದರ್ಶನದಲ್ಲಿ "ನಿಮ್ಮ ಸಾಮರ್ಥ್ಯಗಳೇನು" ಎಂದು ಕೇಳುವ ಬದಲು ಒಂದು ಸನ್ನಿವೇಶವನ್ನು ಅಭಿನಯಿಸಿ ತೋರಿಸಿ. ನಮ್ಮಲ್ಲಿ ಸಂದರ್ಶಕರಲ್ಲೊಬ್ಬರು ಮೊದಲ ವರ್ಷದ ವಿದ್ಯಾರ್ಥಿಯ ಪಾತ್ರ ವಹಿಸಿ, "ಆರೋಗ್ಯ ಸರಿಯಿಲ್ಲ, ಅದಕ್ಕೇ ತರಗತಿಗೆ ಬರುತ್ತಿಲ್ಲ" ಎಂದು ಹೇಳಿ ತಲೆ ತಗ್ಗಿಸಿ ಕೂರುತ್ತಾರೆ. ಒಬ್ಬ ಅಭ್ಯರ್ಥಿ ಕೂಡಲೇ ಹಾಜರಾತಿ ಕಡಿಮೆಯಾದರೆ ಏನೇನಾಗುತ್ತದೆಂದು ವಿವರಿಸಲು ಶುರು ಮಾಡಿದ. ಅವನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಮತ್ತೊಬ್ಬಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲ ತರಗತಿಗಳೂ ತಪ್ಪುತ್ತಿವೆಯಾ, ಇಲ್ಲ ಯಾವುದೋ ಒಂದೇನಾ?" ಎಂದು ಕೇಳಿದಳು. ತಪ್ಪುತ್ತಿದ್ದುದು ಪ್ರಯೋಗಾಲಯದ ಅವಧಿ ಮಾತ್ರ, ಎಲ್ಲರೆದುರು ಮೌಖಿಕ ಪ್ರಶ್ನೆ ಕೇಳುತ್ತಾರೆಂಬ ಭಯ ಅದಕ್ಕೆ ಕಾರಣ ಎಂದು ಪಾತ್ರಕ್ಕೆ ನಾವು ಮೊದಲೇ ಬರೆದಿಟ್ಟಿದ್ದೆವು. ಆ ಒಂದು ಪ್ರಶ್ನೆಯಿಂದ ಅವಳು ಅಲ್ಲಿಗೆ ತಲುಪಿದಳು. ಎಲ್ಲ ಅಭ್ಯರ್ಥಿಗಳಿಗೂ ಇದೇ ಸನ್ನಿವೇಶ ಕೊಟ್ಟು, ಮೊದಲು ಕೇಳಿಸಿಕೊಂಡರೇ, ಪ್ರಶ್ನೆ ಕೇಳಿದರೇ, ತಮಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದರೇ, ಸರಿಯಾದವರ ಬಳಿಗೆ ಕಳುಹಿಸಿದರೇ ಎಂದು ಇಬ್ಬರು ಸಂದರ್ಶಕರು ಬೇರೆ ಬೇರೆಯಾಗಿ ಅಂಕ ಹಾಕಿದರೆ, ಆಯ್ಕೆಯನ್ನು ಪ್ರಶ್ನಿಸುವವರಿಗೆ ತೋರಿಸಲು ನಿಮ್ಮ ಕೈಯಲ್ಲಿ ಲಿಖಿತ ದಾಖಲೆಯೂ ಇರುತ್ತದೆ.

ಉತ್ತರ: ಗಣಿತ ಅಧ್ಯಾಪಕಿ

ಮೇಲಿನ ಉತ್ತರವನ್ನು ಬಹುಪಾಲು ಒಪ್ಪುತ್ತೇನೆ, ಆದರೆ ಅಂಕಗಳ ಬಗ್ಗೆ ಒಂದು ವ್ಯತ್ಯಾಸವನ್ನು ಗಮನಕ್ಕೆ ತರಬೇಕು. ಕಾಲೇಜು ಬದುಕಿಗೆ ಹೊಂದಿಕೊಳ್ಳಲು ನೆರವಾಗುವ ಮಾರ್ಗದರ್ಶಿ ಬೇರೆ, ಒಂದು ನಿರ್ದಿಷ್ಟ ವಿಷಯವನ್ನು ಕಲಿಯಲು ನೆರವಾಗುವವರು ಬೇರೆ. ಎರಡನೆಯ ಕೆಲಸಕ್ಕೆ ಆ ವಿಷಯದಲ್ಲಿ ಒಳ್ಳೆಯ ಅಂಕ ಬೇಕೇ ಬೇಕು. ಎರಡನ್ನೂ ಒಬ್ಬರ ಹೆಗಲಿಗೇರಿಸಿದರೆ ಮಾರ್ಗದರ್ಶಿಯ ಸಮಯವೆಲ್ಲ ಲೆಕ್ಕ ಹೇಳಿಕೊಡುವುದರಲ್ಲಿಯೇ ಕಳೆದುಹೋಗುತ್ತದೆ. ಲೆಕ್ಕ ಕೇಳಲು ಬಂದವನು ತನ್ನ ಬೇರೆ ಕಷ್ಟವನ್ನು ಹೇಳದೆಯೇ ಎದ್ದು ಹೋಗುತ್ತಾನೆ.

ವಿಷಯದ ನೆರವಿಗೆ ಮಿಸೌರಿ ವಿಶ್ವವಿದ್ಯಾಲಯದ ಕನ್ಸಾಸ್ ಸಿಟಿ ಶಾಖೆಯಲ್ಲಿ 1973ರಲ್ಲಿ ಡಿಯಾನಾ ಮಾರ್ಟಿನ್ ಅವರು ರೂಪಿಸಿದ 'ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್' ಪದ್ಧತಿಯನ್ನು ನೋಡಬಹುದು. ಆ ವಿಷಯದಲ್ಲಿ ಈಗಾಗಲೇ ಚೆನ್ನಾಗಿ ತೇರ್ಗಡೆಯಾದ ವಿದ್ಯಾರ್ಥಿ ಕಿರಿಯರ ಜೊತೆಗೆ ಅದೇ ತರಗತಿಯಲ್ಲಿ ಮತ್ತೊಮ್ಮೆ ಕುಳಿತು ಪಾಠ ಕೇಳುತ್ತಾನೆ, ಟಿಪ್ಪಣಿ ಬರೆದುಕೊಳ್ಳುತ್ತಾನೆ, ಅನಂತರ ತರಗತಿಯ ಹೊರಗೆ ಗುಂಪು ಅಧ್ಯಯನ ನಡೆಸುತ್ತಾನೆ. ಪಾಠವನ್ನು ಮರಳಿ ಹೇಳುವುದು ಅವನ ಕೆಲಸವಲ್ಲ, ಗುಂಪಿನವರೇ ಒಬ್ಬರಿಗೊಬ್ಬರು ವಿವರಿಸಿಕೊಳ್ಳುವಂತೆ ಮಾಡುವುದು ಅವನ ಕೆಲಸ. ಈ ಪದ್ಧತಿಯಲ್ಲಿ ನನಗೆ ಬಹಳ ಮೆಚ್ಚುಗೆಯಾದ ಅಂಶವೊಂದಿದೆ. ಇಲ್ಲಿ "ಹಿಂದುಳಿದ ವಿದ್ಯಾರ್ಥಿಗಳು" ಎಂಬ ಪಟ್ಟಿಯೇ ಇಲ್ಲ. ಹೆಚ್ಚು ಮಂದಿ ಅನುತ್ತೀರ್ಣರಾಗುವ ಅಥವಾ ಮಧ್ಯದಲ್ಲಿ ಬಿಟ್ಟುಹೋಗುವ ಕಠಿಣ ವಿಷಯಗಳನ್ನು ಗುರುತಿಸಿ, ಆ ತರಗತಿಯ ಎಲ್ಲರಿಗೂ ಬಾಗಿಲು ತೆರೆದಿಡುತ್ತಾರೆ. ದಡ್ಡರೆಂಬ ಹಣೆಪಟ್ಟಿ ಬೀಳುತ್ತದೆಂದು ಯಾರೂ ದೂರ ಉಳಿಯಬೇಕಾಗಿಲ್ಲ.

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಗಣಿತಜ್ಞ ಯೂರಿ ಟ್ರೈಸ್‌ಮನ್ ಅವರು ಕಲನಶಾಸ್ತ್ರದ ವಿದ್ಯಾರ್ಥಿಗಳು ಹೇಗೆ ಓದುತ್ತಾರೆಂಬುದನ್ನು ಹತ್ತಿರದಿಂದ ಗಮನಿಸಿದಾಗ ಕಂಡುಕೊಂಡದ್ದೂ ಇದಕ್ಕೆ ಹೊಂದುತ್ತದೆ. ಯಶಸ್ವಿಯಾಗುತ್ತಿದ್ದ ಚೀನೀ ಮೂಲದ ವಿದ್ಯಾರ್ಥಿಗಳು ಒಟ್ಟಿಗೆ ಕುಳಿತು ಲೆಕ್ಕಗಳನ್ನು ಚರ್ಚಿಸುತ್ತಿದ್ದರು; ಸೋಲುತ್ತಿದ್ದ ಕಪ್ಪು ವಿದ್ಯಾರ್ಥಿಗಳು ಶ್ರಮಪಟ್ಟು, ಆದರೆ ಹೆಚ್ಚಾಗಿ ಒಬ್ಬೊಬ್ಬರೇ ಓದುತ್ತಿದ್ದರು. ಟ್ರೈಸ್‌ಮನ್ ಅವರು ಪರಿಹಾರ ಬೋಧನೆಯ ತರಗತಿ ತೆರೆಯಲಿಲ್ಲ. ಕಠಿಣ ಲೆಕ್ಕಗಳನ್ನು ಗುಂಪಿನಲ್ಲಿ ಬಿಡಿಸುವ ಕಾರ್ಯಾಗಾರಗಳನ್ನು ಆರಂಭಿಸಿದರು, ಫಲಿತಾಂಶಗಳು ಗಣನೀಯವಾಗಿ ಸುಧಾರಿಸಿದವು. ಆದ್ದರಿಂದ ಮೇಡಂ, ನಿಮ್ಮ ಪ್ರಕಟಣೆಯಲ್ಲಿ ಎರಡು ಪ್ರತ್ಯೇಕ ಹುದ್ದೆಗಳಿರಲಿ, ಅಂಕಗಳ ಬಗೆಗಿನ ನಿಯಮವೂ ಎರಡಕ್ಕೂ ಬೇರೆಯಿರಲಿ. ನಿಮ್ಮ ಸಮಿತಿಯವರ ಆಗ್ರಹಕ್ಕೂ ಅದರಲ್ಲಿ ನ್ಯಾಯವಾದ ಸ್ಥಾನ ಸಿಗುತ್ತದೆ.

ಉತ್ತರ: ಮಾರ್ಗದರ್ಶಿಯಾಗಿ ಕೆಲಸ ಮಾಡಿದ ಅಂತಿಮ ವರ್ಷದ ವಿದ್ಯಾರ್ಥಿನಿ

ಹಿರಿಯರ ನಡುವೆ ವಿದ್ಯಾರ್ಥಿಯ ಕಡೆಯಿಂದ ಕೆಲವು ಮಾತುಗಳನ್ನು ಹೇಳಲು ಬಯಸುತ್ತೇನೆ.

ಗೌರವಧನ ಕೊಡಲೇಬೇಕು ಮೇಡಂ. ಪ್ರಮಾಣಪತ್ರ ಮಾತ್ರ ಕೊಟ್ಟರೆ ಕಾಲೇಜಿನ ನಂತರ ಸಂಜೆ ದುಡಿಯಬೇಕಾದ ಅಗತ್ಯವಿಲ್ಲದವರಷ್ಟೇ ಅರ್ಜಿ ಹಾಕುತ್ತಾರೆ. ಶುಲ್ಕಕ್ಕಾಗಿ ದುಡಿಯುತ್ತಾ ಓದುವವರು, ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು ತಾವಾಗಿಯೇ ಹೊರಗುಳಿಯುತ್ತಾರೆ. ಮೊದಲ ವರ್ಷದಲ್ಲಿ ಕಷ್ಟಪಡುವ ಎಷ್ಟೋ ಮಂದಿಗೆ ತಮ್ಮಂತೆಯೇ ಇರುವವರು ಕಣ್ಣಿಗೆ ಬೀಳುವುದು ಮುಖ್ಯ, ಅಂಥವರನ್ನೇ ನಾವು ಕಳೆದುಕೊಂಡಂತಾಗುತ್ತದೆ. ಗ್ರಂಥಾಲಯದಲ್ಲೋ ಪ್ರಯೋಗಾಲಯದಲ್ಲೋ ಕೆಲಸ ಮಾಡುವ ವಿದ್ಯಾರ್ಥಿಗಳಿಗೆ ಗಂಟೆಗೆ ಎಷ್ಟು ಕೊಡುತ್ತಾರೋ ಅಷ್ಟನ್ನೇ ಕೊಟ್ಟರೂ ಸಾಕು. ತರಬೇತಿಯ ಗಂಟೆಗಳಿಗೂ ವಾರದ ಸಭೆಗೂ ಲೆಕ್ಕ ಹಾಕಿ ಕೊಡಬೇಕು. ಹಣ ಕೊಟ್ಟಾಗ ಕೆಲಸವನ್ನು ಕೇಳುವ ಹಕ್ಕು ಕಾಲೇಜಿಗೂ ಬರುತ್ತದೆ. ಸೇವೆಯೆಂದು ಒಪ್ಪಿಕೊಂಡವರು ಪರೀಕ್ಷೆ ಹತ್ತಿರವಾದಾಗ ಸದ್ದಿಲ್ಲದೆ ಕಾಣೆಯಾದರೆ ಅವರನ್ನು ಕೇಳಲು ಯಾರಿಗೂ ಬಾಯಿ ಬರುವುದಿಲ್ಲ.

ಸಂಖ್ಯೆಯ ಬಗ್ಗೆ ಹೇಳುವುದಾದರೆ, ಒಬ್ಬರಿಗೆ ಹತ್ತರಿಂದ ಹದಿನೈದು ಕಿರಿಯರಿಗಿಂತ ಹೆಚ್ಚು ಕೊಡಬೇಡಿ. ಅದಕ್ಕೂ ಮೀರಿದರೆ ಹೆಸರುಗಳು ನೆನಪಿರುತ್ತವೆಯೇ ಹೊರತು ಮನುಷ್ಯರು ನೆನಪಿರುವುದಿಲ್ಲ. ಕೆಲಸ ತರಗತಿಗಳ ಮೊದಲ ದಿನದಿಂದಲೇ ಶುರುವಾಗಬೇಕು. ಮೊದಲ ಆರು ವಾರಗಳಲ್ಲಿ ವಾರಕ್ಕೊಮ್ಮೆ ಭೇಟಿಯಾಗಿ, ಅನಂತರ ಅಗತ್ಯಕ್ಕೆ ತಕ್ಕಂತೆ ಕಡಿಮೆ ಮಾಡಬಹುದು. ಮೊದಲ ಆಂತರಿಕ ಪರೀಕ್ಷೆಯ ಅಂಕಗಳು ಬಂದ ವಾರ ಮಾತ್ರ ಒಬ್ಬರನ್ನೂ ಬಿಡದೆ ಮಾತನಾಡಿಸಬೇಕು. ಕಾಲೇಜು ಬಿಡುವ ಯೋಚನೆ ಎಷ್ಟೋ ಮಂದಿಗೆ ಮೊದಲು ಮೂಡುವುದು ಆ ಅಂಕಗಳನ್ನು ನೋಡಿದಾಗಲೇ.

ವಾಟ್ಸ್‌ಆ್ಯಪ್ ಗುಂಪಿನ ಬಗ್ಗೆಯೂ ಒಂದು ಮಾತು. ಗುಂಪಿನಲ್ಲಿ "ಯಾರಿಗಾದರೂ ಏನಾದರೂ ತೊಂದರೆ ಇದೆಯೇ?" ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಇಲ್ಲವೇ ಹೆಬ್ಬೆರಳಿನ ಗುರುತುಗಳು ಬರುತ್ತವೆ. ಎಪ್ಪತ್ತು ಕಣ್ಣುಗಳೆದುರು ತನಗೆ ಪಾಠ ಅರ್ಥವಾಗುತ್ತಿಲ್ಲವೆಂದು ಯಾರು ತಾನೇ ಬರೆಯುತ್ತಾರೆ? ಅದೇ ಒಬ್ಬಳಿಗೆ ಪ್ರತ್ಯೇಕವಾಗಿ, "ನಿನ್ನೆ ಭೌತಶಾಸ್ತ್ರದ ತರಗತಿಯ ನಂತರ ನೀನು ಬೇಗ ಹೊರಟೆಯಲ್ಲ, ನಾಳೆ ಮಧ್ಯಾಹ್ನ ಗ್ರಂಥಾಲಯದ ಹೊರಗೆ ಸಿಗ್ತೀಯಾ?" ಎಂದು ಬರೆದರೆ ಉತ್ತರ ಬರುತ್ತದೆ. ಹೀಗೆ ಬರೆಯಬೇಕಾದರೆ ಮಾರ್ಗದರ್ಶಿ ಅವಳನ್ನು ಗಮನಿಸಿರಬೇಕು, ಹತ್ತಿಪ್ಪತ್ತು ನಿಮಿಷ ಬಿಡುವು ಮಾಡಿಕೊಂಡಿರಬೇಕು. ನನ್ನ ಮೇಲ್ವಿಚಾರಕರು ವಾರದ ಸಭೆಯಲ್ಲಿ ಎಷ್ಟು ಭೇಟಿಗಳಾದವು ಎಂದು ಕೇಳುವುದಕ್ಕೆ ಮೊದಲು "ಈ ವಾರ ಯಾರ ಸುದ್ದಿ ನಿನಗೆ ಗೊತ್ತಿಲ್ಲ?" ಎಂದು ಕೇಳುತ್ತಿದ್ದರು. ಆ ಪ್ರಶ್ನೆಗೆ ಉತ್ತರಿಸಲು ಹೋದಾಗಲೇ, ನಾನು ಯಾರನ್ನು ಮರೆತಿದ್ದೇನೆಂಬುದು ನನಗೆ ತಿಳಿಯುತ್ತಿತ್ತು.

ಮಾರ್ಗದರ್ಶಿಗಳ ಪರೀಕ್ಷೆಯ ವಾರಗಳಲ್ಲಿ ಅವರಿಗೆ ಬಿಡುವು ಕೊಡಿ, ಆ ದಿನಗಳಲ್ಲಿ ಕಿರಿಯರು ಯಾರನ್ನು ಸಂಪರ್ಕಿಸಬೇಕೆಂಬುದನ್ನು ಮೊದಲೇ ತಿಳಿಸಿ.

ಉತ್ತರ: ಕಾಲೇಜಿನ ಆಪ್ತಸಮಾಲೋಚಕಿ

ಮೂರನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ವಿದ್ಯಾರ್ಥಿ ಮಾರ್ಗದರ್ಶಿಗಳು ಕಳುಹಿಸಿದವರು ಕೊನೆಗೆ ಬಂದು ಕೂರುವುದು ನನ್ನ ಕೋಣೆಯಲ್ಲಿ.

ಮಾರ್ಗದರ್ಶಿಗೆ ಕಲಿಸಬೇಕಾದ ಅತಿ ಮುಖ್ಯ ಸಂಗತಿ, ಗುಟ್ಟಿನ ಮಿತಿಯನ್ನು ಮೊದಲ ಭೇಟಿಯಲ್ಲಿಯೇ ಹೇಳುವುದು. "ನೀನು ಹೇಳಿದ್ದನ್ನು ನಾನು ಬೇರೆ ಯಾರಿಗೂ ಹೇಳುವುದಿಲ್ಲ. ಆದರೆ ನಿನ್ನ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯವಿದೆ ಎನಿಸಿದರೆ, ಯಾರಾದರೂ ನಿನಗೆ ಹಿಂಸೆ ಕೊಡುತ್ತಿದ್ದರೆ, ನನ್ನ ಮೇಲ್ವಿಚಾರಕರಿಗೆ ತಿಳಿಸಲೇಬೇಕಾಗುತ್ತದೆ. ಹಾಗೆ ತಿಳಿಸುವ ಮುನ್ನ ನಿನಗೆ ಹೇಳುತ್ತೇನೆ." ಕಷ್ಟವನ್ನೆಲ್ಲ ಕೇಳಿಸಿಕೊಂಡ ಮೇಲೆ ಇದನ್ನು ಹೇಳಿದರೆ ನಂಬಿಕೆದ್ರೋಹವಾಗುತ್ತದೆ, ಮೊದಲೇ ಹೇಳಿದರೆ ಒಪ್ಪಂದವಾಗುತ್ತದೆ. ಈ ಮಾತುಗಳನ್ನು ತರಬೇತಿಯಲ್ಲಿ ಬಾಯಿಬಿಟ್ಟು ಹೇಳಿಸಿ ಅಭ್ಯಾಸ ಮಾಡಿಸಿ, ಕಾಗದದಲ್ಲಿ ಓದಿಸಿ ಬಿಡಬೇಡಿ. ಸಾಯುವ ಯೋಚನೆಯ ಸುಳಿವು ಸಿಕ್ಕರೆ ಮರುದಿನದ ಸಭೆಗೆ ಕಾಯುವಂತಿಲ್ಲ. ರಾತ್ರಿಯಾದರೂ ಕರೆ ಮಾಡಬಹುದಾದ ಒಂದು ದೂರವಾಣಿ ಸಂಖ್ಯೆ ಪ್ರತಿ ಮಾರ್ಗದರ್ಶಿಯ ಬಳಿ ಇರಬೇಕು, ಆ ಸಂಖ್ಯೆಗೆ ಉತ್ತರಿಸುವವರು ನಿಜವಾಗಿಯೂ ಇರಬೇಕು. ಅಂತಹ ಏರ್ಪಾಡಾಗುವವರೆಗೆ ಯೋಜನೆಯನ್ನು ಆರಂಭಿಸಬೇಡಿ ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ.

ಮಾರ್ಗದರ್ಶಿ ರೋಗ ಗುರುತಿಸಬಾರದು, ಔಷಧದ ಸಲಹೆ ಕೊಡಬಾರದು, ಹಣ ಕೊಡುವುದು ತೆಗೆದುಕೊಳ್ಳುವುದು ಮಾಡಬಾರದು, ತನ್ನ ಗುಂಪಿನ ಕಿರಿಯರೊಂದಿಗೆ ಪ್ರೇಮ ಸಂಬಂಧ ಬೆಳೆಸಬಾರದು. ಭೇಟಿಯ ಟಿಪ್ಪಣಿಯಲ್ಲಿ ದಿನಾಂಕ, ವಿಷಯದ ಹೆಸರು, ಯಾರ ಬಳಿಗೆ ಕಳುಹಿಸಲಾಯಿತು ಎಂಬಷ್ಟೇ ಇರಲಿ; ಮನೆಯ ಕಥೆಯನ್ನು ವಿವರವಾಗಿ ಬರೆದಿಡಬಾರದು. "ಆಪ್ತಸಮಾಲೋಚಕರ ಬಳಿ ಹೋಗು" ಎಂದು ಬಾಯಲ್ಲಿ ಹೇಳಿ ಕಳುಹಿಸಿದರೆ ಹೆಚ್ಚಿನವರು ಬರುವುದಿಲ್ಲ ಎಂಬುದು ನನ್ನ ಅನುಭವ. ಮಾರ್ಗದರ್ಶಿ ಜೊತೆಗೆ ನಡೆದು ಬಂದು, ನನಗೆ ಪರಿಚಯಿಸಿ, ಬಾಗಿಲ ಬಳಿಯಿಂದ ಹಿಂದಿರುಗಿದರೆ ಬರುತ್ತಾರೆ.

ದರ್ಪದ ಆತಂಕ ನ್ಯಾಯವಾದದ್ದು. ಅದಕ್ಕೆ ಮಾರ್ಗದರ್ಶಿಗಳ ಕೈಗೆ ಹಾಜರಾತಿಯನ್ನಾಗಲಿ, ಅಂಕವನ್ನಾಗಲಿ, ಶಿಸ್ತಿನ ಕ್ರಮವನ್ನಾಗಲಿ ಕೊಡಬೇಡಿ. ಕಾರಣ ಹೇಳದೆಯೇ ಮಾರ್ಗದರ್ಶಿಯನ್ನು ಬದಲಾಯಿಸಿಕೊಳ್ಳುವ ಹಕ್ಕು ಪ್ರತಿ ಕಿರಿಯರಿಗೂ ಇರಲಿ, ದೂರು ಕೊಡುವ ದಾರಿ ಮಾರ್ಗದರ್ಶಿಯ ಮೂಲಕ ಹಾದುಹೋಗದಿರಲಿ. ಹೆಣ್ಣುಮಕ್ಕಳು ಮಾರ್ಗದರ್ಶಿಯಾಗಿ ಹೆಣ್ಣನ್ನೇ ಬಯಸಿದರೆ ಪ್ರಶ್ನಿಸದೆ ಒಪ್ಪಿಕೊಳ್ಳಿ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಎರಡು ಹುದ್ದೆಗಳನ್ನು ಪ್ರತ್ಯೇಕಿಸುವ ಸಲಹೆಯನ್ನೂ ರಾತ್ರಿ ಸಂಪರ್ಕದ ಏರ್ಪಾಡನ್ನೂ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸುತ್ತಿದ್ದೇನೆ. ಇನ್ನೆರಡು ಸಂದೇಹಗಳಿವೆ. ತರಬೇತಿ ಎಷ್ಟು ದೀರ್ಘವಾಗಿರಬೇಕು? ಆಯ್ಕೆಯಾದವರಲ್ಲಿ ಯಾರಾದರೂ ಸೆಮಿಸ್ಟರ್ ನಡುವೆ ಬಿಟ್ಟರೆ ಅವರ ಕಿರಿಯರನ್ನು ಯಾರಿಗೆ ವಹಿಸಬೇಕು?

ಉತ್ತರ: ಮೊದಲ ವರ್ಷದ ಕಾರ್ಯಕ್ರಮಗಳನ್ನು ನೋಡಿಕೊಳ್ಳುವ ಅಧ್ಯಾಪಕ

ಕಾಲೇಜುಗಳಲ್ಲಿ ಪಾಠ ಹೇಳಿಕೊಡುವ ವಿದ್ಯಾರ್ಥಿಗಳ ತರಬೇತಿಗೆ ಮಾನ್ಯತೆ ನೀಡುವ 'ಕಾಲೇಜ್ ರೀಡಿಂಗ್ ಅಂಡ್ ಲರ್ನಿಂಗ್ ಅಸೋಸಿಯೇಷನ್' ಸಂಸ್ಥೆಯು ಮೊದಲ ಹಂತಕ್ಕೆ ಕನಿಷ್ಠ 10 ಗಂಟೆಗಳ ತರಬೇತಿ ಮತ್ತು 25 ಗಂಟೆಗಳ ಪ್ರತ್ಯಕ್ಷ ಕೆಲಸವನ್ನು ನಿಗದಿಪಡಿಸಿತ್ತು. ನಿಮಗೂ ಅದು ಒಂದು ಆರಂಭದ ಅಳತೆಯಾಗಬಲ್ಲದು. ನನ್ನ ಸಲಹೆಯೆಂದರೆ ಆ ಗಂಟೆಗಳನ್ನೆಲ್ಲ ಒಂದೇ ವಾರಾಂತ್ಯದಲ್ಲಿ ಮುಗಿಸಬೇಡಿ. ಅರ್ಧದಷ್ಟನ್ನು ತರಗತಿಗಳು ಆರಂಭವಾಗುವ ಮುನ್ನ ಮುಗಿಸಿ, ಉಳಿದದ್ದನ್ನು ಮೊದಲ ತಿಂಗಳ ವಾರದ ಸಭೆಗಳಿಗೆ ಹಂಚಿ. ಕಿರಿಯರನ್ನು ಒಮ್ಮೆ ಭೇಟಿಯಾಗಿ ಬಂದವರ ಬಳಿ ಕೇಳಲು ನಿಜವಾದ ಪ್ರಶ್ನೆಗಳಿರುತ್ತವೆ, ಆಪ್ತಸಮಾಲೋಚಕಿಯವರು ಹೇಳಿದ ಗುಟ್ಟಿನ ಮಿತಿಯ ಅಭ್ಯಾಸವೂ ಆಗ ಇನ್ನಷ್ಟು ಚೆನ್ನಾಗಿ ಮನಸ್ಸಿಗೆ ಹತ್ತುತ್ತದೆ.

ನಡುವೆ ಬಿಡುವವರು ಇದ್ದೇ ಇರುತ್ತಾರೆ. ಆರೋಗ್ಯ, ಮನೆಯ ಕಾರಣ, ಉದ್ಯೋಗದ ತರಬೇತಿ ಯಾವುದೂ ಆಗಬಹುದು. ಆಯ್ಕೆಯ ಪಟ್ಟಿಯಲ್ಲಿ ಸ್ವಲ್ಪದರಲ್ಲಿ ಉಳಿದುಹೋದ ಇಬ್ಬರು ಮೂವರಿಗೂ ಜೊತೆಯಲ್ಲಿಯೇ ತರಬೇತಿ ಕೊಡಿ, ಅವರ ಆ ಗಂಟೆಗಳಿಗೂ ಗೌರವಧನ ಕೊಡಿ. ಬಿಡುವವರಿಂದ ಎರಡು ವಾರಗಳ ಮುನ್ಸೂಚನೆ ಕೇಳುವ ಸಾಲೊಂದು ನೇಮಕ ಪತ್ರದಲ್ಲಿರಲಿ. ಆ ಎರಡು ವಾರಗಳಲ್ಲಿ ಹಳಬರು ಹೊಸ ಮಾರ್ಗದರ್ಶಿಯನ್ನು ಕರೆದುಕೊಂಡು ಹೋಗಿ ಪ್ರತಿಯೊಬ್ಬ ಕಿರಿಯರಿಗೂ ಎದುರೆದುರೇ ಪರಿಚಯಿಸಬೇಕು. ಸಂದೇಶ ಕಳುಹಿಸಿ ವಹಿಸಿಕೊಟ್ಟರೆ, ಈಗಾಗಲೇ ಮಾತು ಕಡಿಮೆ ಮಾಡಿರುವ ವಿದ್ಯಾರ್ಥಿ ಎರಡನೆಯವರಿಗೆ ಉತ್ತರಿಸುವುದೇ ಇಲ್ಲ.